ಗಾಳದ ಚಿತ್ರಕ್ಕೆ ಎಷ್ಟು ದೊಡ್ಡ ಕಂಪ್ಯೂಟರ್?

ಸಾಗರ, ಹೊಸನಗರಗಳ ಶರಾವತಿ ಹಿನ್ನೀರಿನಲ್ಲಿ, ತೀರ್ಥಹಳ್ಳಿಯ ತುಂಗೆಯ ದಡದಲ್ಲಿ ಗಾಳ ಹಾಕಿ ಕೂರುವ ಹುಡುಗರ ಕೈಯಲ್ಲಿ ಈಗ ಮೊಬೈಲ್ ಕ್ಯಾಮೆರಾವೂ ಇದೆ. ಚಿತ್ರ ತೆಗೆದ ಮೇಲೆ ಅದರ ಸಂಕಲನಕ್ಕೊಂದು ಕಂಪ್ಯೂಟರ್ ಬೇಕೆಂಬ ಬೇಡಿಕೆ ಅಪ್ಪನ ಮುಂದೆ ಬರುತ್ತದೆ. ಅಡಿಕೆ ಮಾರಿದ ಹಣಕ್ಕೆ ಕೈಹಾಕುವ ಮುನ್ನ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು.

ಮೀನು ಗಾಳ ಕಚ್ಚುವುದು ಒಂದೇ ಕ್ಷಣ. ಅದಕ್ಕಾಗಿ ಕ್ಯಾಮೆರಾ ಗಂಟೆಗಟ್ಟಲೆ ಓಡಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ಚಿತ್ರ ಗಂಟೆಗೆ 45 ಗಿಗಾಬೈಟ್ ಜಾಗ ನುಂಗುತ್ತದೆ. 16 ಮೆಗಾಬಿಟ್ ದರದ ಫುಲ್ ಎಚ್‌ಡಿಗೆ ಸುಮಾರು 7 ಗಿಗಾಬೈಟ್ ಸಾಕು. ಮೊಬೈಲ್‌ನಲ್ಲಿ ನೋಡುವ ಚಿತ್ರಕ್ಕೆ ಇದೇ ಧಾರಾಳ.

ಕೊಳ್ಳಲೇಬೇಕೆಂದಾದರೆ 16 ಗಿಗಾಬೈಟ್ ರ್‍ಯಾಮ್, 512 ಗಿಗಾಬೈಟ್ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೂ ಅದರ ಬ್ಯಾಟರಿ ಕೆಲಸವನ್ನು ಕಾಯುತ್ತದೆ.

ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಿಲ್ಲ. ಶಾಟ್‌ಕಟ್, ಕೆಡೆನ್‌ಲೈವ್ ಉಚಿತ. ಡಾವಿಂಚಿ ರಿಸಾಲ್ವ್‌ಗೂ ಉಚಿತ ಆವೃತ್ತಿಯಿದೆ, ಆದರೆ ಅದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಡುತ್ತದೆ. ಮನೆಯ ಕಂಪ್ಯೂಟರ್ ಹಳೆಯದೇ? ‘ಪ್ರಾಕ್ಸಿ’ ಎಂಬ ಸೌಲಭ್ಯವಿದೆ. ಸಂಕಲನವೆಲ್ಲ ಕಿರುಗಾತ್ರದ ಪ್ರತಿಯಲ್ಲಿ ನಡೆದು, ಕೊನೆಗೆ ಮೂಲ ಚಿತ್ರದಿಂದಲೇ ಸಿನಿಮಾ ಸಿದ್ಧವಾಗುತ್ತದೆ. ಮೊದಲು ಇದನ್ನು ಪ್ರಯತ್ನಿಸಿ. ಹೊಸದರ ಮಾತು ಆಮೇಲೆ.

ಮಕ್ಕಳಿಗೂ ಒಂದು ಮಾತು. ಮುಂಗಾರಿನ ಮೊದಲ ನೀರಿಗೆ ಹಳ್ಳ ಏರಿ ಬರುವ ಹತ್ತುಮೀನಿನ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಂತೂ ಗಾಳ ಹಾಕುವಂತೆಯೇ ಇಲ್ಲ. ಇವೆರಡಕ್ಕೂ ಕ್ಯಾಮೆರಾ ಒಂದೇ ಸಾಕು.