ಒಂದೇ ಊರಿನ ರಕ್ತ, ವರದಿ ಮಾತ್ರ ಎರಡು!

ಕಾಸರಗೋಡು: ಅಂಗಡಿಯ ತೊಗರಿಬೇಳೆ ಮೇಲೆ ಅನುಮಾನ ಬಂದು ಅಧಿಕಾರಿ ಸ್ಯಾಂಪಲ್ ಎತ್ತಿದರೆ, ಅದನ್ನು ನಾಲ್ಕು ಪಾಲು ಮಾಡಿ ಸೀಲ್ ಹಾಕಬೇಕು. ಒಂದು ಪಾಲು ಸರ್ಕಾರಿ ಪರೀಕ್ಷೆಗೆ. ವ್ಯಾಪಾರಿ ಕೇಳಿದರೆ ಇನ್ನೊಂದು ಪಾಲು ಬೇರೆ ಮಾನ್ಯ ಲ್ಯಾಬಿಗೆ. ಕಾನೂನು ಇರೋದೇ ಹಾಗೆ. ಬೇಳೆಗಿರುವ ಈ ಮರ್ಯಾದೆ ಎಂಡೋಸಲ್ಫಾನ್ ಪೀಡಿತರ ರಕ್ತಕ್ಕೆ ಸಿಕ್ಕಿತೇ?

ಗೇರುಮರದ ಟೀ ಸೊಳ್ಳೆ ಕೊಲ್ಲಲೆಂದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷ ಸುರಿಸಿತು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ, ಕುಡಿಯಲು ಸುರಂಗದ ನೀರು. ಗಡಿಯೀಚೆ ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ಇದೇ ಕಥೆ. 'ಒಂದೇ ಊರಲ್ಲಿ ಇಷ್ಟೊಂದು ಕಾಯಿಲೆ ಯಾಕೆ?' ಎಂದು ಮೊದಲು ಕೇಳಿದವರಲ್ಲಿ ಪಡ್ರೆ ಗ್ರಾಮದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು.

ಇದೆ, ಇಲ್ಲ, ಇದೆ!

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 'ರಕ್ತದಲ್ಲಿ ವಿಷ ಇದೆ' ಅಂದಿತು. ಕಾರ್ಪೊರೇಶನ್ ಮಾಡಿಸಿದ ತಮಿಳುನಾಡಿನ ಲ್ಯಾಬ್ ಪರೀಕ್ಷೆ 'ಇಲ್ಲ' ಅಂದಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಾಲೆಯ ಹುಡುಗರನ್ನೇ ಪರೀಕ್ಷಿಸಿತು. 2003ರಲ್ಲಿ ಪ್ರಕಟವಾದ ಲೆಕ್ಕ: ಪೀಡಿತ ಊರಿನ 117 ಹುಡುಗರ ರಕ್ತದಲ್ಲಿ ಸರಾಸರಿ ನೂರು ಕೋಟಿಗೆ 7.47 ಪಾಲು, ಸಿಂಪಡಣೆ ಇಲ್ಲದ ಊರಿನ 90 ಹುಡುಗರಲ್ಲಿ 1.37. ಪೀಡಿತ ಊರಿನ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಕೀಟನಾಶಕ ಕಂಪೆನಿಯವರು ಇದನ್ನೂ ಒಪ್ಪಲಿಲ್ಲ.

ಜಗಳ ಎಲ್ಲಿ? ಎಂಡೋಸಲ್ಫಾನ್ ರಕ್ತದಲ್ಲಿ ಬಹುಕಾಲ ನಿಲ್ಲುವುದಿಲ್ಲ. ಆದರೆ ನರ, ಪಿತ್ತಜನಕಾಂಗ, ಮೂತ್ರಪಿಂಡಗಳಿಗೆ ಮಾಡಿದ ಹಾನಿ ಉಳಿಯಬಹುದು. ಆದ್ದರಿಂದ ಬೇಗ ರಕ್ತ ತೆಗೆಯಬೇಕು, ತಣ್ಣಗಿಡಬೇಕು, ಅಂಗಾಂಶವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಹಮದಾಬಾದ್ ಇರುವುದು ಸಾವಿರ ಕಿಲೋಮೀಟರಿಗೂ ಆಚೆ!

ವಿಷದ ಅಂಶ ಅಳೆಯುವ ಯಂತ್ರ ತಾಲೂಕು ಆಸ್ಪತ್ರೆಗೊಂದರಂತೆ ಕೊಳ್ಳುವ ಮಾಲಲ್ಲ. ಎರಡು ಜಿಲ್ಲೆಗೆ ಒಂದು ಸಾಕು. ಆಸ್ಪತ್ರೆ, ಕಾಲೇಜು, ಕೃಷಿ ಇಲಾಖೆ ಮೂರೂ ಕಡೆಯವರು ಬಳಸಲಿ. ಸ್ಯಾಂಪಲ್ಲಿನ ಒಂದು ಪಾಲು ಸೀಲಾಗಿ ಉಳಿಯಲಿ. 1984ರ ಭೋಪಾಲದಲ್ಲೂ ಶವಪರೀಕ್ಷೆ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ನಡೆದರೆ, ಅಂಗಾಂಶದ ಅಧ್ಯಯನಕ್ಕೆ ದೆಹಲಿಯ ತಜ್ಞರು ಕೈಜೋಡಿಸಿದ್ದರು.

ಸುಪ್ರೀಂ ಕೋರ್ಟು 2011ರಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು. 2017ರಲ್ಲಿ, ಮೂರು ತಿಂಗಳೊಳಗೆ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳಕ್ಕೆ ಆಜ್ಞಾಪಿಸಿತು. ಆದರೆ ಪೀಡಿತ ಯಾರು? ಪಟ್ಟಿಯಲ್ಲಿ ಹೆಸರು ಬೇಕು, ಹೆಸರಿಗೆ ಪುರಾವೆ ಬೇಕು.

ವಿಷ ಬಂದದ್ದು ಹೆಲಿಕಾಪ್ಟರಿನಲ್ಲಿ. ಪುರಾವೆಗೆ ಅಲೆಯಬೇಕಾದವರು ಮಾತ್ರ ಬಸ್ಸಿನಲ್ಲಿ ಹೋಗುವ ಬಡವರು.