ಸವೆತದ ಓಟದಲ್ಲಿ ಮುಂದೆ ಯಾರು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಪದರ ಪದರವಾಗಿ ಏಳುವ ಶಹಾಬಾದ್ ಕಲ್ಲು ಮನೆಯ ನೆಲಕ್ಕೂ ಬೇಕು, ಗೋಡೆಗೂ ಬೇಕು. ವಾಡಿಯ ಸಿಮೆಂಟಿಗೂ ಈ ಸೀಮೆಯ ಸುಣ್ಣದ ಕಲ್ಲೇ ಮೂಲ. ಅಲ್ಲಿಂದ ಕೊಡ್ಲಿ, ಚಿಂಚೋಳಿಯ ಕಡೆ ಸಾಗಿದಂತೆ ನೋಟ ಬದಲಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದ ಕರಿಗಲ್ಲು, ಆ ಕಲ್ಲು ಶಿಥಿಲಗೊಂಡು ಮೂಡಿದ ಎರೆಮಣ್ಣು, ಗುಡ್ಡಗಳ ಮೇಲೆ ಕೆಂಪು ಜಂಬಿಟ್ಟಿಗೆ ಕಾಣಸಿಗುತ್ತವೆ.

ಈ ಕಲ್ಲು, ಮಣ್ಣು ಯಾವುದೂ ಶಾಶ್ವತವಲ್ಲ. ಮಳೆ, ನದಿ, ಗಾಳಿ, ಹಿಮನದಿ, ಕಡಲ ಅಲೆ ಇವೆಲ್ಲ ಭೂಮಿಯನ್ನು ಸವೆಸುತ್ತಲೇ ಇವೆ ಎಂದು ಭೂಗೋಳದ ಪಾಠ ಹೇಳುತ್ತದೆ. ಆದರೆ ಇವುಗಳಲ್ಲಿ ಯಾವುದರ ಕೆಲಸ ಚುರುಕು, ಯಾವುದರದು ನಿಧಾನ?

ಕಲ್ಲು ಕರಗುವ ಬಗೆ

ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣದ ಕಲ್ಲು ಇದರಲ್ಲಿ ಕರಗುತ್ತದೆ. ಶಹಾಬಾದ್ ಕಲ್ಲಿನ ಚೂರಿನ ಮೇಲೆ ನಿಂಬೆರಸ ಹಾಕಿದರೆ ಏಳುವ ಸಣ್ಣ ಗುಳ್ಳೆಗಳು ಇದೇ ಬಗೆಯ ಕ್ರಿಯೆಯ ಗುರುತು. ಮಳೆ ಹೆಚ್ಚಿರುವ ನಾಡುಗಳಲ್ಲೂ ಸುಣ್ಣದ ಕಲ್ಲು ಹೀಗೆ ಕರಗುವುದು ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರು. ಒಣ ಸೀಮೆಯಲ್ಲಿ ಇನ್ನೂ ಕಡಿಮೆ. ಓಟದಲ್ಲಿ ಇದು ಆಮೆ.

ಹಿಮ, ಗಾಳಿ, ಕಡಲು

ಹಿಮನದಿ ತನ್ನ ತಳದಲ್ಲಿ ಸಿಕ್ಕ ಕಲ್ಲುಗಳಿಂದ ಬಂಡೆಯನ್ನು ಉಜ್ಜುತ್ತಾ ಸಾಗುತ್ತದೆ. ತಳ ಹೆಪ್ಪುಗಟ್ಟಿ ಬಂಡೆಗೆ ಅಂಟಿಕೊಂಡಿದ್ದರೆ ವರ್ಷಕ್ಕೆ ಮಿಲಿಮೀಟರಿನ ನೂರನೆಯ ಒಂದು ಪಾಲು ಸವೆದರೆ ಹೆಚ್ಚು. ಅಲಾಸ್ಕದ ವೇಗದ ಹಿಮನದಿಗಳು ಮಾತ್ರ ವರ್ಷಕ್ಕೆ 10 ಮಿಲಿಮೀಟರಿನಷ್ಟು ಕೊರೆದದ್ದುಂಟು.

ಗಾಳಿಗೆ ಗಟ್ಟಿ ಬಂಡೆ ಸುಲಭವಾಗಿ ಬಗ್ಗದು. ಒಣಗಿದ ಸಡಿಲ ಮಣ್ಣು ಸಿಕ್ಕರೆ ಮಾತ್ರ ಅದರ ಆರ್ಭಟ ನೋಡಬೇಕು. 1930ರ ದಶಕದಲ್ಲಿ ಅಮೆರಿಕದ ಹುಲ್ಲುಗಾವಲುಗಳನ್ನು ಉತ್ತು ಬರಿದು ಮಾಡಿದ ಮೇಲೆ ಬರ ಬಂತು. 1934ರ ಮೇ ತಿಂಗಳಲ್ಲಿ ಅಲ್ಲಿನ ಹೊಲಗಳ ಧೂಳು ನ್ಯೂಯಾರ್ಕ್ ನಗರದ ಆಕಾಶವನ್ನೇ ಕವಿಯಿತು.

ಕಡಲು ಗಟ್ಟಿ ಬಂಡೆಯ ಮುಂದೆ ನಿಧಾನಿ, ಮೆತ್ತನೆಯ ದಡದ ಮುಂದೆ ಆತುರಗಾರ. ಇಂಗ್ಲೆಂಡಿನ ಹೋಲ್ಡರ್‌ನೆಸ್ ತೀರದ ಜೇಡಿಮಣ್ಣಿನ ದಡ ವರ್ಷಕ್ಕೆ ಸರಾಸರಿ ಎರಡು ಮೀಟರಿನಷ್ಟು ಹಿಂದೆ ಸರಿಯುತ್ತದೆ. ಮಂಗಳೂರಿನ ಬಳಿಯ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆಗಳೂ ತೆಂಗಿನ ಮರಗಳೂ ಬಲಿಯಾಗಿವೆ.

ಎಲ್ಲಕ್ಕಿಂತ ದಿಢೀರನೆ ಕೆಲಸ ಮುಗಿಸುವುದು ಗುಡ್ಡ ಕುಸಿತ. 2018ರ ಆಗಸ್ಟ್ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಶತಮಾನಗಳ ಸವೆತ ನಿಮಿಷಗಳಲ್ಲಿ ಮುಗಿದಿತ್ತು. ಆದರೆ ಅದು ಎಲ್ಲ ಕಡೆಯೂ, ಪ್ರತಿ ವರ್ಷವೂ ನಡೆಯುವಂಥದಲ್ಲ.

ಹನಿಯ ಹೊಡೆತ

ಪ್ರತಿ ವರ್ಷವೂ, ಸದ್ದಿಲ್ಲದೆ, ಊರೂರಿನಲ್ಲಿ ನಡೆಯುವುದು ಮಳೆಯಿಂದಾಗುವ ಸವೆತ. ದಪ್ಪ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿಯ ಹೊಲದ ಹೆಂಟೆ ಒಡೆದು ಕಣ ಕಣವಾಗುತ್ತದೆ. ಆ ಕಣಗಳನ್ನು ಹರಿಯುವ ನೀರು ಎತ್ತಿಕೊಂಡು ಹಳ್ಳಕ್ಕೆ, ಹಳ್ಳ ಕಾಗಿಣಾ ನದಿಗೆ, ಕಾಗಿಣಾ ಭೀಮೆಗೆ ಸಾಗಿಸುತ್ತವೆ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟು ಹೆಚ್ಚುತ್ತದೆ ಎಂಬುದು ಹಳೆಯ ಲೆಕ್ಕಾಚಾರ.

ಭಾರತದಲ್ಲಿ ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ 16.4 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂದು 1983ರಲ್ಲಿ ಅಂದಾಜು ಮಾಡಲಾಗಿತ್ತು. ಹೊಲದ ಮೇಲೆ ಹರಡಿದರೆ ಇದು ಒಂದು ಮಿಲಿಮೀಟರಿಗಿಂತ ತುಸು ದಪ್ಪ. ಅಲ್ಪವೆನಿಸಬಹುದು. ಆದರೆ ಇದು ಸುಣ್ಣದ ಕಲ್ಲು ಕರಗುವ ವೇಗದ ಹತ್ತಾರು ಪಟ್ಟು. ಒಂದು ಸೆಂಟಿಮೀಟರ್ ಫಲವತ್ತಾದ ಮೇಲ್ಮಣ್ಣು ಮೂಡಲು ನೂರಾರು ವರ್ಷ ಬೇಕು. ಈ ವೇಗದಲ್ಲಿ ಅದು ಹೋಗಲು ಎಂಟು ವರ್ಷ ಸಾಕು.

ಒಂದೇ ಮಳೆ, ಎರಡು ಲೆಕ್ಕ

ಈ ವೇಗ ವಿಧಿಲಿಖಿತವೇನಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಸಂಸ್ಥೆ 1976ರಿಂದ ಎರೆಭೂಮಿಯಲ್ಲಿ ಪ್ರಯೋಗ ನಡೆಸಿತು. ಮುಂಗಾರಿನಲ್ಲಿ ಹೊಲ ಬರಿದು ಬಿಟ್ಟು ಹಿಂಗಾರಿಗೆ ಬಿತ್ತುವ ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು ಆರೂವರೆ ಟನ್ ಮಣ್ಣು ಹೋಯಿತು. ಅಗಲವಾದ ಏರುಮಡಿ ಹಾಗೂ ಕಾಲುವೆ ಮಾಡಿ, ಮಳೆಗಾಲದಲ್ಲೇ ಬೆಳೆ ಇಟ್ಟ ಹೊಲದಲ್ಲಿ ಹೋದದ್ದು ಸುಮಾರು ಒಂದೂವರೆ ಟನ್. ಮಳೆಯೂ ಅದೇ, ಮಣ್ಣೂ ಅದೇ. ನಷ್ಟ ಮಾತ್ರ ಕಾಲು ಭಾಗ.

ಕಲಬುರಗಿ ಸೀಮೆಗೆ ಇದು ಹತ್ತಿರದ ಪಾಠ. ಇಲ್ಲಿನ ತೊಗರಿ ಮೊದಲ ಒಂದೆರಡು ತಿಂಗಳು ನಿಧಾನವಾಗಿ ಬೆಳೆಯುತ್ತದೆ. ಸಾಲುಗಳ ನಡುವಿನ ನೆಲ ಅಷ್ಟು ದಿನವೂ ಬರಿದು. ಅದೇ ಸಾಲುಗಳ ನಡುವೆ ಹೆಸರು, ಉದ್ದು ಬಿತ್ತಿದರೆ ಅವು ಬೇಗ ಹರಡಿ ಹನಿಯ ಹೊಡೆತ ತಡೆಯುತ್ತವೆ. ಇಳಿಜಾರಿಗೆ ಅಡ್ಡಲಾಗಿ ಉತ್ತರೆ, ಬದು ಗಟ್ಟಿಯಿದ್ದರೆ, ನೀರು ಓಡದೆ ನಡೆಯುತ್ತದೆ.

ಇದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಎರಡು ತಟ್ಟೆಗಳಲ್ಲಿ ಹೊಲದ ಮಣ್ಣು ತುಂಬಿ ಒಂದೇ ಸಮನಾಗಿ ವಾರೆಯಾಗಿಡಿ. ಒಂದರ ಮೇಲೆ ಒಣಹುಲ್ಲು ಹಾಸಿ. ತೂತು ಮಾಡಿದ ಡಬ್ಬಿಯಿಂದ ಎರಡಕ್ಕೂ ಅಷ್ಟೇ ನೀರು ಸುರಿದು, ಹರಿದುಬಂದದ್ದನ್ನು ಎರಡು ಲೋಟಗಳಲ್ಲಿ ಹಿಡಿಯಿರಿ. ಯಾವ ಲೋಟದ ನೀರು ರಾಡಿಯಾಗಿದೆ, ತಳದಲ್ಲಿ ಎಷ್ಟು ಮಣ್ಣು ಕೂತಿದೆ ಎಂದು ಅಳೆದು ಬರೆದಿಡಿ. ಸವೆತದ ಓಟದಲ್ಲಿ ಮುಂದೆ ಯಾರೆಂಬುದನ್ನು ಮಳೆ, ಗಾಳಿ ಮಾತ್ರವೇ ನಿರ್ಧರಿಸುವುದಿಲ್ಲ. ನೆಲದ ಮೇಲೆ ಹೊದಿಕೆ ಇದೆಯೇ ಇಲ್ಲವೇ ಎಂಬುದೂ ನಿರ್ಧರಿಸುತ್ತದೆ.