ನಾಲ್ಕು ಕೀ ಕೆಲಸ ಮಾಡದಿದ್ದರೆ ಲ್ಯಾಪ್‌ಟಾಪ್ ಕಥೆ ಮುಗಿದಂತೆಯೇ?

‘ಲ್ಯಾಪ್‌ಟಾಪ್ ಮೇಲೆ ನೀರು ಬಿತ್ತೇ? ಒಂದು ರಾತ್ರಿ ಅಕ್ಕಿ ಡಬ್ಬಿಯಲ್ಲಿಡಿ.’ ‘ಕೀಬೋರ್ಡ್ ಹೋದರೆ ಮದರ್‌ಬೋರ್ಡೂ ಹೋದಂತೆ, ಹೊಸದು ಕೊಳ್ಳುವುದೇ ಲಾಭ.’ ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಮೊದಲನೆಯದನ್ನು ನಂಬಿದರೆ ಲ್ಯಾಪ್‌ಟಾಪ್ ಹಾಳಾಗಬಹುದು, ಎರಡನೆಯದನ್ನು ನಂಬಿದರೆ ಸುಮ್ಮನೆ ಮೂವತ್ತು ನಲವತ್ತು ಸಾವಿರ ಕೈಬಿಡಬಹುದು.

ಲ್ಯಾಪ್‌ಟಾಪ್ ಕೀಬೋರ್ಡ್‌ನಲ್ಲಿ ಪ್ರತಿ ಕೀಗೂ ಪ್ರತ್ಯೇಕ ತಂತಿ ಇರುವುದಿಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳನ್ನು ಅಡ್ಡಡ್ಡ, ಉದ್ದುದ್ದ ಮುದ್ರಿಸಿರುತ್ತಾರೆ. ಎರಡು ಗೆರೆ ಸಂಧಿಸುವ ಜಾಗವೇ ಒಂದು ಕೀ. ಚಹಾ ಚೆಲ್ಲಿ ಒಂದು ಗೆರೆ ಹಾಳಾದರೆ ಆ ಸಾಲಿಗೆ ಸೇರಿದ ಹಲವು ಕೀಗಳು ಒಟ್ಟಿಗೇ ಕೈಕೊಡುತ್ತವೆ. ಒಂದೇ ಕೀ ಅಂಟಿಕೊಂಡಿದ್ದರೆ ಹೆಚ್ಚಿನ ಸಲ ಕಾರಣ ಧೂಳು, ಬಿಸ್ಕತ್ತಿನ ಪುಡಿ ಅಥವಾ ಮುರಿದ ಕ್ಲಿಪ್. ಎರಡೂ ಸಂದರ್ಭದಲ್ಲಿ ಮದರ್‌ಬೋರ್ಡ್ ಹೋಗಿದೆ ಎಂದರ್ಥವಲ್ಲ.

ದುಡ್ಡು ಖರ್ಚು ಮಾಡುವ ಮೊದಲು ಯಾರದಾದರೂ ಯುಎಸ್‌ಬಿ ಕೀಬೋರ್ಡ್ ತಂದು ಜೋಡಿಸಿ ನೋಡಿ. ಅದರಲ್ಲೂ ಅದೇ ತೊಂದರೆ ಬಂದರೆ ದೋಷ ಸಾಫ್ಟ್‌ವೇರ್‌ನದು. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ವಿಂಡೋಸ್‌ನ ‘ಫಿಲ್ಟರ್ ಕೀಸ್’ ಆನ್ ಆಗಬಹುದು. ಆಗ ಕೀ ಒತ್ತಿದರೂ ಅಕ್ಷರ ತಡವಾಗಿ ಮೂಡುತ್ತದೆ. ಕೆಲವು ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆದರೆ ಜೆ, ಕೆ, ಎಲ್ ಬದಲು 1, 2, 3 ಬರುತ್ತದೆ. ಇವಕ್ಕೆ ರಿಪೇರಿ ಬೇಕಿಲ್ಲ, ಸೆಟ್ಟಿಂಗ್ಸ್ ಸಾಕು.

ಒಂದು ಎಚ್ಚರಿಕೆ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಂತೆ ಕಂಡರೆ ಅದು ಕೀಬೋರ್ಡ್ ದೋಷವಲ್ಲದೆ ಇರಬಹುದು, ಕೆಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಅದುಮಬೇಡಿ, ಚುಚ್ಚಬೇಡಿ. ಚಾರ್ಜರ್ ತೆಗೆದು, ಆಫ್ ಮಾಡಿ, ತಿಳಿದವರ ಬಳಿ ತೋರಿಸಿ. ಬೆಂಕಿ ಹೊತ್ತಿಕೊಳ್ಳುವ ಅಪಾಯ ನಿಜವಾದದ್ದು.

ಇನ್ನು ಅಕ್ಕಿ. ಅದು ಒಳಗಿನ ನೀರನ್ನು ಹೀರುವುದಿಲ್ಲ. ಅದರ ಹಿಟ್ಟು, ನುಚ್ಚು ಮಾತ್ರ ಸಂದಿಗಳಿಗೆ ಸೇರುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿಡಬೇಡಿ ಎಂದು ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ. ನೀರು ಬಿದ್ದ ಕೂಡಲೇ ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್ ಆಫ್ ಮಾಡಿ, ಬೋರಲು ಹಾಕಿ. ‘ಸರಿ ಹೋಯಿತಾ’ ಎಂದು ಮತ್ತೆ ಮತ್ತೆ ಆನ್ ಮಾಡಿ ನೋಡುವುದೇ ಹೆಚ್ಚು ಹಾನಿ ಮಾಡುತ್ತದೆ.

ಕೀಬೋರ್ಡೇ ಹೋಗಿದೆ ಎಂದು ಖಚಿತವಾದರೆ ಸರಿಯಾದ ಬದಲಿ ಹುಡುಕುವುದೇ ದೊಡ್ಡ ಕೆಲಸ. ಬರೀ ಕಂಪನಿ ಹೆಸರು ಹೇಳಿದರೆ ಸಾಲದು. ಹೊರಗಿನಿಂದ ಅವಳಿಜವಳಿಯಂತೆ ಕಾಣುವ ಎರಡು ಮಾದರಿಗಳಲ್ಲಿ ಸ್ಕ್ರೂ ಜಾಗ, ಒಳಗಿನ ರಿಬ್ಬನ್ ಕೇಬಲ್‌ನ ಉದ್ದ ಬೇರೆ ಬೇರೆ ಇರಬಹುದು. ಲ್ಯಾಪ್‌ಟಾಪ್‌ನ ಅಡಿಯಲ್ಲಿರುವ ಸ್ಟಿಕರ್‌ನ ಪೂರ್ತಿ ಮಾಡೆಲ್ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಹಳೆಯ ಕೀಬೋರ್ಡ್ ಬಿಚ್ಚಿದಾಗ ಅದರ ಬೆನ್ನಿನ ಮೇಲೆ ಪಾರ್ಟ್ ನಂಬರ್ ಸಿಗುತ್ತದೆ, ಅದು ಇನ್ನೂ ನಂಬಿಕಸ್ಥ. ಎಚ್‌ಪಿ, ಡೆಲ್, ಲೆನೊವೊ ಕಂಪನಿಗಳು ಹಲವು ಮಾದರಿಗಳ ಸರ್ವೀಸ್ ಮ್ಯಾನ್ಯುಯಲ್‌ಗಳನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿವೆ. ಬಿಚ್ಚುವ ಕ್ರಮವೂ ಅಲ್ಲಿದೆ.

ಕೀಗಳ ಕೆಳಗೆ ದೀಪ ಇದೆಯೇ, ಪವರ್ ಬಟನ್ ಕೀಬೋರ್ಡ್‌ನಲ್ಲೇ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಪವರ್ ಬಟನ್ ಇಲ್ಲದ ಕೀಬೋರ್ಡ್ ಹಾಕಿಸಿಕೊಂಡರೆ ಲ್ಯಾಪ್‌ಟಾಪ್ ಆನ್ ಮಾಡುವುದೇ ಕಷ್ಟ! ಎಂಟರ್ ಕೀ ಎರಡು ಸಾಲಿನಷ್ಟು ಎತ್ತರವಾಗಿದ್ದು, 3ರ ಮೇಲೆ ಪೌಂಡ್ ಚಿಹ್ನೆ ಇದ್ದರೆ ಅದು ಬ್ರಿಟನ್ ವಿನ್ಯಾಸ. ನಮ್ಮಲ್ಲಿ ಸಾಮಾನ್ಯವಾಗಿ ಬರುವುದು ಅಮೆರಿಕದ ವಿನ್ಯಾಸ. ಕನ್ನಡ ಟೈಪಿಂಗ್ ಬಗ್ಗೆ ಚಿಂತೆ ಬೇಡ. ನುಡಿ ವಿನ್ಯಾಸವಾಗಲಿ ಇನ್‌ಸ್ಕ್ರಿಪ್ಟ್ ಆಗಲಿ ಇರುವುದು ಸಾಫ್ಟ್‌ವೇರ್‌ನಲ್ಲಿ, ಕೀಬೋರ್ಡ್‌ನಲ್ಲಲ್ಲ.

ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಹೋದರೆ ‘ಬರೀ ಕೀಬೋರ್ಡೋ, ಸಿ-ಪ್ಯಾನೆಲ್ ಸಮೇತವೋ’ ಎಂದು ಕೇಳುತ್ತಾರೆ. ಸಿ-ಪ್ಯಾನೆಲ್ ಎಂದರೆ ಅಂಗೈ ಊರುವ ಮೇಲ್ಕವಚ. ಈಗಿನ ಅನೇಕ ಮಾದರಿಗಳಲ್ಲಿ ಕೀಬೋರ್ಡನ್ನು ಸ್ಕ್ರೂ ಬದಲು ಪ್ಲಾಸ್ಟಿಕ್ ಗುಬುಟುಗಳನ್ನು ಕರಗಿಸಿ ಈ ಕವಚಕ್ಕೇ ಬೆಸೆದಿರುತ್ತಾರೆ. ಆಗ ಕವಚ ಸಮೇತ ಬದಲಿಸುವುದು ಸುಲಭ, ಆದರೆ ದುಬಾರಿ. ಗುಬುಟು ಕತ್ತರಿಸಿ ಕೀಬೋರ್ಡ್ ಮಾತ್ರ ಕೂರಿಸುವವರೂ ಇದ್ದಾರೆ. ಕೈ ಪಳಗಿರದಿದ್ದರೆ ಮಧ್ಯದ ಕೀಗಳು ಒತ್ತಿದಾಗ ತಗ್ಗುತ್ತವೆ. ಬಳಕೆದಾರರಿಗೆ ದುರಸ್ತಿಯ ಮಾಹಿತಿ ಸಿಗಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಜಾಲತಾಣ ಶುರುಮಾಡಿದ್ದು ಇಂಥ ಕಾರಣಗಳಿಗೇ. ವಾರಂಟಿ ಇದ್ದೂ ಕಂಪನಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೀಬೋರ್ಡ್ ಬದಲಿಸಿದರೆ ಫೋಟೊ, ಫೈಲ್ ಅಳಿಸಿಹೋಗುವುದಿಲ್ಲ; ಅವು ಇರುವುದು ಡಿಸ್ಕ್‌ನಲ್ಲಿ. ಈ ಕೆಲಸಕ್ಕೆ ಪಾಸ್‌ವರ್ಡ್ ಕೊಡುವ ಅಗತ್ಯವೂ ಇಲ್ಲ. ಅಂಗಡಿಯಲ್ಲೇ ನೀವೇ ಲಾಗಿನ್ ಆಗಿ, ನೋಟ್‌ಪ್ಯಾಡ್ ತೆರೆದು, ಪ್ರತಿಯೊಂದು ಕೀಯನ್ನೂ ಒತ್ತಿ ನೋಡಿ, ಆಮೇಲೆ ಹಣ ಕೊಡಿ.